ನಾಲ್ಕಾಗಿ ಮಡಚಿದ ಸೀಸ

ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಅವನಿಗೊಂದು ಹೆಸರಿತ್ತು. ಆ ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ಮೂವತ್ತಾರು ವರ್ಷ ಎಕ್ಸ್-ರೇ ಕೋಣೆಯ ದಪ್ಪ ಗಾಜಿನ ಹಿಂದೆ ನಿಂತು "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಹಾಂ, ಬಿಡಿ" ಎಂದು ಹೇಳುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನಿಗೆ ಜನ ಇಟ್ಟ ಹೆಸರು ಉಸಿರಪ್ಪ. ರಸ್ತೆಯ ತಿರುವಿನಲ್ಲಿ ತರಕಾರಿ ಮಾರುವವಳು ಅವನನ್ನು ಕಂಡರೆ ಕೆನ್ನೆ ಉಬ್ಬಿಸಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಅವನು ನಕ್ಕು ಕೈಯಾಡಿಸಿದ ಮೇಲೆ ಬುಸ್ಸೆಂದು ಬಿಡುತ್ತಿದ್ದಳು. ಅವನಿಗೆ ಅದರಿಂದ ಬೇಜಾರೇನೂ ಇರಲಿಲ್ಲ. ಊರಿನ ಅರ್ಧ ಜನರ ಪಕ್ಕೆಲುಬು ನೋಡಿದವನು ತಾನು ಎಂಬ ಸಣ್ಣ ಜಂಬವೂ ಇತ್ತು.

ಇನ್ನೊಂದು ಜಂಬವಿತ್ತು, ಅಚ್ಚುಕಟ್ಟಿನದು. ಅವನ ತಾಯಿ ಒಂದು ವಸತಿಗೃಹದಲ್ಲಿ ಹಾಸಿಗೆಯ ಬಟ್ಟೆ ಒಗೆದು ಇಸ್ತ್ರಿ ಮಾಡಿ ಮಕ್ಕಳನ್ನು ಸಾಕಿದವಳು. ಎಂಟು ವರ್ಷದವನಿದ್ದಾಗಲೇ ಇವನನ್ನು ಎದುರು ನಿಲ್ಲಿಸಿ, ಹಾಸಿನ ಎರಡು ತುದಿ ಕೈಗೆ ಕೊಟ್ಟು, "ಮೂಲೆಗೆ ಮೂಲೆ ಕೂಡಿಸು ಮಗಾ, ಅವಸರ ಮಾಡಬೇಡ" ಎಂದು ಮಡಚುವುದನ್ನು ಕಲಿಸಿದ್ದಳು. ಕಲಿತದ್ದು ಕೈಯಲ್ಲೇ ಉಳಿಯಿತು. ಅವನ ಕರವಸ್ತ್ರ, ಅವನ ಊಟದ ಡಬ್ಬಿ ಸುತ್ತಿದ ಬಟ್ಟೆ, ಓದಿ ಮುಗಿಸಿದ ದಿನಪತ್ರಿಕೆ, ಎಲ್ಲವೂ ಅಳತೆಪಟ್ಟಿ ಇಟ್ಟು ಮಡಚಿದ ಹಾಗೆ. ಹೆಂಡತಿ ತಮಾಷೆಗೆ, "ನನ್ನನ್ನ ಮಡಚಿ ಬೀರುನಲ್ಲಿ ಇಡಲಿಲ್ಲವಲ್ಲ, ಪುಣ್ಯ" ಎನ್ನುತ್ತಿದ್ದಳು.

ಕೆಲಸ ಅವನಿಗೆ ಒಲಿದಿತ್ತು ಎಂದೇ ಹೇಳಬೇಕು. ಕಿರಣ ಯಾವುದನ್ನು ದಾಟಿ ಹೋಗುತ್ತದೆ, ಯಾವುದರ ಮುಂದೆ ಸೋಲುತ್ತದೆ ಎಂಬುದನ್ನು ಅವನು ಪುಸ್ತಕದಿಂದ ಕಲಿತದ್ದಕ್ಕಿಂತ ಜನರ ಮೈಯಿಂದ ಕಲಿತದ್ದು ಹೆಚ್ಚು. ಬಟ್ಟೆ, ಚರ್ಮ, ಮಾಂಸ ಅದಕ್ಕೆ ಲೆಕ್ಕವೇ ಅಲ್ಲ. ಮೂಳೆಯೆಂದರೆ ತುಸು ತಡೆಯುತ್ತದೆ, ಅದಕ್ಕೇ ಫಿಲ್ಮಿನ ಮೇಲೆ ಬೆಳ್ಳಗೆ ಉಳಿಯುತ್ತದೆ. ನುಂಗಿದ ನಾಣ್ಯ ಹುಣ್ಣಿಮೆಯ ಚಂದ್ರನ ಹಾಗೆ ಹೊಳೆಯುತ್ತದೆ. ಒಮ್ಮೆ ಒಬ್ಬ ತಾಯಿ, ಮಗು ಅಂಗಿಯ ಗುಂಡಿ ನುಂಗಿದೆಯೆಂದು ಎದೆ ಬಡಿದುಕೊಳ್ಳುತ್ತ ಬಂದಳು. ಫಿಲ್ಮಿನಲ್ಲಿ ಏನೂ ಕಾಣಲಿಲ್ಲ. "ಪ್ಲಾಸ್ಟಿಕ್ ಗುಂಡಿ ತಾಯೀ, ಕಿರಣ ಅದನ್ನ ಕೇಳದೇನೇ ದಾಟ್ಕೊಂಡು ಹೋಗುತ್ತೆ. ಕಾಣಲ್ಲ ಅಂದ್ರೆ ಇಲ್ಲ ಅಂತ ಅರ್ಥ ಅಲ್ಲ" ಎಂದು ಇವನು ವಿವರಿಸಿದ. ಅವಳು ಇವನನ್ನು ಮೇಲೆ ಕೆಳಗೆ ನೋಡಿ, "ಹಾಗಾದ್ರೆ ಈ ಮಿಷನ್ ಯಾಕೆ ಇಟ್ಕೊಂಡಿದ್ದೀರಿ?" ಎಂದು ಕೇಳಿದಳು. ಮೂರು ದಿನದ ಮೇಲೆ ಗುಂಡಿ ತಾನಾಗಿ ಬಂತಂತೆ, ಹೇಳಿ ಕಳಿಸಿದ್ದಳು.

ಬೇರೆ ಯಾವುದಕ್ಕೂ ತಲೆಬಾಗದ ಈ ಕಿರಣ ಸೀಸದ ಮುಂದೆ ಮಾತ್ರ ಮೆತ್ತಗಾಗುತ್ತದೆ. ಅದಕ್ಕೇ ಕೋಣೆಯ ಗೋಡೆಯೊಳಗೆ ಸೀಸದ ತಗಡು, ಬಾಗಿಲಿನೊಳಗೆ ಸೀಸ, ಉಸಿರಪ್ಪ ನಿಲ್ಲುವ ಅಡ್ಡಗೋಡೆಯ ಹಳದಿ ಛಾಯೆಯ ಗಾಜಿನಲ್ಲೂ ಸೀಸ. ಅವನ ಅಂಗಿಯ ಜೇಬಿಗೆ ಸಿಕ್ಕಿಸಿದ ಚಿಕ್ಕ ಬ್ಯಾಡ್ಜು ಮೂರು ತಿಂಗಳಿಗೊಮ್ಮೆ ದೂರದ ಪ್ರಯೋಗಶಾಲೆಗೆ ಹೋಗಿ, ಅವನ ಮೈಗೆ ಎಷ್ಟು ಕಿರಣ ತಾಗಿದೆ ಎಂಬ ಅಂಕಿ ಹೊತ್ತು ಬರುತ್ತಿತ್ತು. ಎಂದೂ ಎಳ್ಳು ಕಾಳಷ್ಟಕ್ಕಿಂತ ಹೆಚ್ಚು ಬರಲಿಲ್ಲ.

ಅವನ ಕೆಲಸದ ಒಂಬತ್ತನೇ ವರ್ಷ ಆ ಕೋಣೆಗೆ ಇಬ್ಬರು ಹೊಸಬರು ಬಂದರು. ಒಬ್ಬಳು ಆಯಮ್ಮ. ಇನ್ನೊಂದು, ಸೀಸದ ಏಪ್ರನ್.

ಏಪ್ರನ್ ಬಂದದ್ದು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ. ಕಡುನೀಲಿ ಬಟ್ಟೆ, ಭುಜದಿಂದ ಮೊಣಕಾಲಿನವರೆಗೆ, ಎತ್ತಿದರೆ ನಾಲ್ಕೈದು ಕೇಜಿ ತೂಕ. ಜೊತೆಗೆ ದಪ್ಪ ಮರದ ಒಂದು ಹ್ಯಾಂಗರು, ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ. ಹ್ಯಾಂಗರನ್ನು ದೊಡ್ಡ ಡಾಕ್ಟರು ನೋಡಿ, "ಎಷ್ಟು ಗಟ್ಟಿಯಾಗಿದೆ ಕಣಯ್ಯ" ಎಂದು ತಮ್ಮ ಕೋಟು ತೂಗುಹಾಕಲು ಒಯ್ದರು. ಹಾಳೆಯನ್ನು ಉಸಿರಪ್ಪ ಆಮೇಲೆ ಓದೋಣವೆಂದು ಡ್ರಾಯರಿನಲ್ಲಿಟ್ಟ. ಅಂದು ಸಂಜೆ ಏಪ್ರನ್ನನ್ನು ಮೇಜಿನ ಮೇಲೆ ಹಾಸಿ, ಉದ್ದಕ್ಕೆ ಒಂದು ಮಡಿಕೆ, ಅಡ್ಡಕ್ಕೆ ಒಂದು ಮಡಿಕೆ, ಮೂಲೆಗೆ ಮೂಲೆ ಕೂಡಿಸಿ, ಅಂಗೈಯಿಂದ ಒತ್ತಿ ಸಮ ಮಾಡಿ, ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟ. ಮರುದಿನವೂ ಹಾಗೆ. ಅದರ ಮರುದಿನವೂ ಹಾಗೆ.

ಆಯಮ್ಮ ಆಗ ಇಪ್ಪತ್ತನಾಲ್ಕರ ಹುಡುಗಿ. ಆ ವಯಸ್ಸಿಗೇ 'ಆಯಮ್ಮ' ಎಂದು ಕರೆಸಿಕೊಳ್ಳುವುದಕ್ಕೆ ಅವಳಿಗೆ ನಗು. ಗಿಡ್ಡ, ಚುರುಕು, ಬಾಯಿ ಸುಮ್ಮನಿರದ ಹೆಂಗಸು. ಗಂಡ ಬಡಗಿ, ಮದುವೆಯಾಗಿ ವರ್ಷವಾಗಿತ್ತು. ಅವಳಿಗೆ ಹೇಳಿದ್ದ ಕೆಲಸ ನೆಲ ಒರೆಸುವುದು, ರೋಗಿಗಳನ್ನು ಗಾಲಿಕುರ್ಚಿಯಲ್ಲಿ ತರುವುದು. ಒಂದು ದಿನ ಮೂರು ವರ್ಷದ ಮಗುವೊಂದು ಎಕ್ಸ್-ರೇ ಮೇಜಿನ ಮೇಲೆ ಮೀನಿನ ಹಾಗೆ ಒದ್ದಾಡುತ್ತಿತ್ತು. ಹಿಡಿದುಕೊಳ್ಳಬೇಕಾದ ತಾಯಿಯೇ ಮಗುವಿಗಿಂತ ಜೋರಾಗಿ ಅಳುತ್ತಿದ್ದಳು. ಎರಡು ಫಿಲ್ಮು ಕಲಸಿಹೋದವು. ಆಯಮ್ಮ ಒರೆಸುವ ಬಟ್ಟೆ ಕೆಳಗಿಟ್ಟು ಬಂದು ಮಗುವಿನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಮಗು ಕಣ್ಣರಳಿಸಿ ಕಲ್ಲಿನ ಹಾಗೆ ಕೂತಿತು. ಮೂರನೇ ಫಿಲ್ಮು ಕನ್ನಡಿಯ ಹಾಗೆ ಬಂತು.

"ಏನಂದ್ಯಮ್ಮ ಅದಕ್ಕೆ?"

"ನಿನ್ನ ಹೊಟ್ಟೇಲಿ ಯಾರೋ ಕೂತಿದ್ದಾರೆ, ಫೋಟೋ ತೆಗಿತೀವಿ, ಅಲ್ಲಾಡಿದ್ರೆ ಓಡಿಹೋಗ್ತಾರೆ ಅಂದೆ ಅಣ್ಣ."

ಉಸಿರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದಿನಿಂದ ಮಕ್ಕಳು ಬಂದರೆಂದರೆ "ಆಯಮ್ಮನ್ನ ಕರೀರಿ". ಅವಳು ಬಂದು, ಏಪ್ರನ್ ತೊಟ್ಟು, ಮಗುವನ್ನು ಹಿಡಿದು ನಿಲ್ಲುವಳು; ಅವನು ಗಾಜಿನ ಹಿಂದೆ ಹೋಗಿ ಗುಂಡಿ ಒತ್ತುವನು. ಒಂದೇ ಸಲಕ್ಕೆ ಒಳ್ಳೆಯ ಫಿಲ್ಮು. ತಪ್ಪಿ ಎರಡನೇ ಸಲ ತೆಗೆದದ್ದು ಬೆರಳೆಣಿಕೆಯಷ್ಟು. ಉಸಿರಪ್ಪನ ಹೆಸರು ಸುತ್ತಿನ ಆಸ್ಪತ್ರೆಗಳಲ್ಲೂ ಓಡಾಡಿತು. ಮಕ್ಕಳನ್ನು ದಿನಾ ಒಬ್ಬರೇ ಹಿಡಿಯಬಾರದು, ಮನೆಯವರೇ ಹಿಡಿಯಬೇಕು ಎಂಬ ನಿಯಮ ಅವನಿಗೆ ಗೊತ್ತಿಲ್ಲದ್ದೇನಲ್ಲ. ಒಂದೇ ಸಲಕ್ಕೆ ಬರುವ ಫಿಲ್ಮಿನ ರುಚಿ ಹತ್ತಿದವನ ಕಿವಿಗೆ ನಿಯಮ ಅಷ್ಟು ಬೇಗ ಇಳಿಯುವುದಿಲ್ಲ, ಅಷ್ಟೆ.

ಒಂದು ಮಾತನ್ನು ಅವನ ಪರವಾಗಿ ಹೇಳಲೇಬೇಕು. ಏಪ್ರನ್ ಇಲ್ಲದೆ ಅವಳನ್ನು ಅವನು ಎಂದೂ ಒಳಗೆ ಬಿಟ್ಟವನಲ್ಲ. ಕಿರಣ ಮಗುವಿನ ಮೈಗೆ ಬಿದ್ದು, ಕಲ್ಲಿನ ಮೇಲೆ ಸುರಿದ ನೀರಿನ ಹಾಗೆ ಸುತ್ತಲೂ ಸಿಡಿಯುತ್ತದೆ, ಹಿಡಿದು ನಿಂತವರಿಗೆ ತಾಗುವುದು ಆ ಸಿಡಿತ ಎಂದು ಬಿಡಿಸಿ ಹೇಳಿದ್ದ. "ಭಾರ ಅಣ್ಣ, ಭುಜ ಬಿದ್ದುಹೋಗುತ್ತೆ" ಎಂದರೆ, "ಬೀಳಲಿ, ಹೊಸ ಭುಜ ಹಾಕಿಸೋಣ" ಎಂದು ತಾನೇ ಹಿಂದಿನಿಂದ ದಾರ ಬಿಗಿಯುತ್ತಿದ್ದ. ಇನ್ನೊಂದು ಮಾತನ್ನು ಅವನ ಪರವಾಗಿ ಹೇಳಲಾರೆ. ಕೋಣೆಯ ಬಾಗಿಲ ಮೇಲೆ ಕೆಂಪಕ್ಷರದ ಬೋರ್ಡಿತ್ತು: 'ಗರ್ಭಿಣಿಯರು ಮುಂಚಿತವಾಗಿ ತಿಳಿಸಿ.' ಒಳಗೆ ಬಂದ ಪ್ರತಿ ಹೆಂಗಸನ್ನೂ ಅವನು ತಪ್ಪದೆ ಕೇಳುತ್ತಿದ್ದ. ದಿನಕ್ಕೆ ಹತ್ತು ಸಲ ಒಳಗೆ ಬರುತ್ತಿದ್ದ ಒಬ್ಬಳನ್ನು ಮಾತ್ರ ಕೇಳಲಿಲ್ಲ. ಬ್ಯಾಡ್ಜೂ ಅವಳಿಗೆ ಇರಲಿಲ್ಲ. ಕಾಗದದ ಪ್ರಕಾರ ಅವಳು ನೆಲ ಒರೆಸುವವಳು.

ಅವಳು ಬಂದ ಐದನೇ ವರ್ಷ ಒಂದು ವಾರ ರಜೆ ಹಾಕಿದಳು. ತಿರುಗಿ ಬಂದಾಗ ಮುಖ ಬಿಳಿಚಿಕೊಂಡಿತ್ತು. ಬಸಿರಾಗಿ ಎರಡು ತಿಂಗಳಾಗಿತ್ತಂತೆ, ನಿಲ್ಲಲಿಲ್ಲವಂತೆ. "ಎಷ್ಟೋ ಜನಕ್ಕೆ ಆಗುತ್ತೆ ತಂಗಿ, ಚಿಕ್ಕ ವಯಸ್ಸು" ಎಂದು ಎಲ್ಲರ ಹಾಗೆ ಉಸಿರಪ್ಪನೂ ಅಂದ. ಎಂಟನೇ ವರ್ಷ ಮತ್ತೆ ಅದೇ. ಈ ಸಲ ಮೂರು ತಿಂಗಳು ತುಂಬಿತ್ತು. ಕೆಲಸಕ್ಕೆ ಬಂದವಳು ಏಪ್ರನ್ ತೊಟ್ಟುಕೊಳ್ಳುತ್ತಾ, ಗೋಡೆ ನೋಡುತ್ತಾ ಹೇಳಿದಳು:

"ನಾನೇ ಕೊಂದೆ ಅಣ್ಣ. ಒಂದು ಬಕೆಟ್ ನೀರಿಗೆ."

ಅವರ ಮನೆ ಮೂರನೇ ಮಹಡಿಯಲ್ಲಿ. ಆ ವಾರ ಪಂಪು ಕೆಟ್ಟು ಮೇಲೆ ನೀರು ಹತ್ತುತ್ತಿರಲಿಲ್ಲ. "ನೀನು ಎತ್ತಬೇಡ, ಸಂಜೆ ಬಂದು ನಾನೇ ತರ್ತೀನಿ" ಎಂದು ಬಡಗಿ ಹೇಳಿ ಹೋಗಿದ್ದ. ಇವಳು ಸಂಜೆಯವರೆಗೆ ತಡೆಯಲಾರದೆ ಒಂದು ಬಕೆಟ್ ತುಂಬಿ ಮೇಲೆ ತಂದಳು. ಮರುದಿನ ಮಗು ಹೋಯಿತು. ಬಡಗಿ ಬೈಯಲಿಲ್ಲ, ಕೈಯೆತ್ತಲಿಲ್ಲ, ಬಿಟ್ಟು ಹೋಗಲೂ ಇಲ್ಲ. ಆದರೆ ಅಂದಿನಿಂದ ಮನೆಯ ನೀರನ್ನೆಲ್ಲ ತಾನೇ ಹೊತ್ತು ತರತೊಡಗಿದ. ಪಂಪು ಸರಿಯಾದ ಮೇಲೂ ತಂದ. ಬಕೆಟ್ಟನ್ನು ಅಡುಗೆಮನೆಯ ಬಾಗಿಲಲ್ಲಿ ಇಟ್ಟು, ಒಂದು ಕ್ಷಣ ಅವಳ ಮುಖ ನೋಡಿ, ಏನೂ ಹೇಳದೆ ಹೋಗುತ್ತಿದ್ದ.

"ಒಂದೇಟು ಹೊಡೆದುಬಿಟ್ಟಿದ್ರೆ ಚೆನ್ನಾಗಿತ್ತು ಅಣ್ಣ" ಎಂದಳು ಆಯಮ್ಮ. "ಈ ಮನುಷ್ಯ ದಿನಾ ನೀರು ತಂದುಕೊಡ್ತಾನೆ."

ಆಮೇಲೆ ಅವಳಿಗೆ ಮತ್ತೆ ಬಸಿರಾಗಲಿಲ್ಲ. ಊರಿನ ಮಕ್ಕಳನ್ನೆಲ್ಲ ಹಿಡಿದು ನಿಂತು, ನಿನ್ನ ಹೊಟ್ಟೇಲಿ ಯಾರೋ ಕೂತಿದ್ದಾರೆ ಎಂದು ಪಿಸುಗುಟ್ಟುತ್ತಲೇ ಇದ್ದಳು. ಒಂದೆರಡು ವರ್ಷ ಕಳೆದ ಮೇಲೆ ಒಮ್ಮೆ ಏಪ್ರನ್ನಿನ ನಡುವೆ ಬೆರಳಾಡಿಸುತ್ತ, "ಅಣ್ಣ, ಇದು ಇಲ್ಲಿ ಮೆತ್ತಗಾಗಿದೆ ನೋಡಿ, ಒಳಗೆ ಪುಡಿ ಪುಡಿ ಕೈಗೆ ಸಿಕ್ಕಿದ ಹಾಗಾಗುತ್ತೆ" ಎಂದಳು. ಉಸಿರಪ್ಪ ತಲೆಯೆತ್ತದೆ, "ಹಳೇದಾದ ಮೇಲೆ ಬಟ್ಟೆ ಮೆತ್ತಗಾಗಲ್ವಾ? ಸೀಸ ಕಣಮ್ಮ ಅದು, ನಿನಗಿಂತ ಗಟ್ಟಿ" ಎಂದ. ಈ ಮಾತು ಮುಂದೆ ಅವನಿಗೆ ಊಟದ ತಟ್ಟೆಯ ಮುಂದೆ, ಬಸ್ಸಿನ ಕಿಟಕಿಯ ಪಕ್ಕ, ಹೆಂಡತಿ ಏನೋ ಹೇಳುತ್ತಿರುವಾಗ, ಎಲ್ಲೆಂದರಲ್ಲಿ ನೆನಪಾಗತೊಡಗಿತು. ತಲೆಯೆತ್ತಿ ನೋಡಿದ್ದರೆ ಸಾಕಿತ್ತು.

ಏಪ್ರನ್ ಬಂದು ಹದಿನಾರು ವರ್ಷವಾದ ಮೇಲೆ ತಪಾಸಣೆಗೆ ಒಬ್ಬ ಅಧಿಕಾರಿ ಬಂದಳು. ಮೂವತ್ತು ದಾಟದ ಹೆಣ್ಣುಮಗಳು, ಕೈಯಲ್ಲಿ ಕಿರಣ ಅಳೆಯುವ ಪುಟ್ಟ ಪೆಟ್ಟಿಗೆ. ಗೋಡೆಯ ಆಚೆ, ಬಾಗಿಲ ಸಂದಿಗೆ, ಗಾಜಿನ ಅಂಚಿಗೆಲ್ಲ ಅದನ್ನು ಹಿಡಿದು ನೋಡಿದಳು. ಗೋಡೆ ಪಾಸು, ಬಾಗಿಲು ಪಾಸು, ಗಾಜು ಪಾಸು. ಉಸಿರಪ್ಪನ ಎದೆ ಒಂದಿಷ್ಟು ಮುಂದೆ ಬಂತು.

"ಏಪ್ರನ್ ಎಲ್ಲಿದೆ ಸಾರ್?"

ಅವನು ಬೀರು ತೆರೆದು ಎರಡೂ ಕೈಯಲ್ಲಿ ಹಿಡಿದು ತಂದ. ಮೂಲೆಗೆ ಮೂಲೆ ಕೂಡಿದ ಆ ನೀಲಿ ಮಡಿಕೆ ನೋಡಿ ಅವಳು ಹೊಗಳುತ್ತಾಳೆಂದೇ ಅವನು ಕಾದಿದ್ದ. ಅವಳ ಮುಖ ಸಪ್ಪಗಾಯಿತು.

"ಮಡಚಿ ಇಡ್ತೀರಾ?"

"ದಿನಾ ಮೇಡಂ. ಒಂದು ದಿನ ತಪ್ಪಿಸಿಲ್ಲ."

"ಟೇಬಲ್ ಮೇಲೆ ಹಾಸಿ. ಇದಕ್ಕೇ ಒಂದು ಎಕ್ಸ್-ರೇ ತೆಗಿಯೋಣ."

ಉಸಿರಪ್ಪನಿಗೆ ತಮಾಷೆಯೆನಿಸಿತು. ರೋಗಿಯನ್ನು ಮಲಗಿಸುವ ಹಾಗೆ ಏಪ್ರನ್ನನ್ನು ಮಲಗಿಸಿ, ಗಾಜಿನ ಹಿಂದೆ ಹೋಗಿ, ಅದಕ್ಕೂ ಒಮ್ಮೆ "ಉಸಿರು ಹಿಡ್ಕೊಳ್ಳಿ" ಎಂದ. ಅಧಿಕಾರಿ ನಕ್ಕಳು. ಅಂದು ಅವಳು ಕೊನೆಯ ಸಲ ನಕ್ಕದ್ದು ಅದಕ್ಕೇ.

ಫಿಲ್ಮು ತೊಳೆಯಲು ಕತ್ತಲೆ ಕೋಣೆಗೆ ಅವನೊಬ್ಬನೇ ಹೋದ. ಅಲ್ಲಿ ಉರಿಯುವುದು ಒಂದು ಮಂದ ಕೆಂಪು ದೀಪ. ಆ ಕೆಂಪು ಬೆಳಕು ಆ ಫಿಲ್ಮಿಗೆ ಏನೂ ಮಾಡುವುದಿಲ್ಲ, ಬೇರೆ ಯಾವ ಬೆಳಕು ತಾಗಿದರೂ ಕಪ್ಪಾಗುತ್ತದೆ. ಸೀಸ ತಡೆದಲ್ಲಿ ಫಿಲ್ಮು ಬಿಳಿ ಉಳಿಯಬೇಕು. ಆದ್ದರಿಂದ ಏಪ್ರನ್ನಿನ ಫಿಲ್ಮೆಂದರೆ ಖಾಲಿ ಹಾಳೆಯ ಹಾಗೆ ಬಿಳಿ ಬಂದರೆ ಸರಿ. ದ್ರಾವಣದ ತಟ್ಟೆಯಲ್ಲಿ ಅವನ ಕಣ್ಣೆದುರಿಗೇ ಉದ್ದಕ್ಕೆ ಒಂದು ಕಪ್ಪು ಗೆರೆ ಮೂಡಿತು. ಫಿಲ್ಮಿಗೆ ಗೀರು ಬಿದ್ದಿರಬೇಕು ಎಂದುಕೊಂಡ. ಆಮೇಲೆ ಅಡ್ಡಕ್ಕೆ ಇನ್ನೊಂದು ಗೆರೆ ಮೂಡಿತು. ಎರಡೂ ಕೂಡುವಲ್ಲಿ ಮಸಿ ಚೆಲ್ಲಿದ ಹಾಗೆ ಹೆಬ್ಬೆರಳಿಗಿಂತ ದೊಡ್ಡ ಕಪ್ಪು. ಅದು ಯಾರ ಕೈ ಹಾಕಿದ ಗೆರೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ರಬ್ಬರಿಗೆ ಸೀಸದ ಪುಡಿ ಬೆರೆಸಿ ಹಾಳೆ ಮಾಡಿರ್ತಾರೆ" ಎಂದು ಅಧಿಕಾರಿ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದಳು. "ಮೇಲಿನ ಬಟ್ಟೆಗೆ ಮಡಚಿದ್ರೆ ಏನೂ ಆಗಲ್ಲ. ಒಳಗಿನ ಹಾಳೆ ಒಂದೇ ಜಾಗದಲ್ಲಿ ಮಡಚಿ ಮಡಚಿ ಬಿರುಕು ಬಿಡುತ್ತೆ. ಹೊರಗಿನಿಂದ ಗೊತ್ತೇ ಆಗಲ್ಲ. ಮುದ್ದೆ ಮಾಡಿ ಕುರ್ಚಿ ಮೇಲೆ ಎಸೆದಿದ್ರೂ ಇಷ್ಟು ನೇರವಾಗಿ ಕತ್ತರಿಸಿದ ಹಾಗೆ ಆಗ್ತಿರಲಿಲ್ಲ. ಇದನ್ನ ತೂಗುಹಾಕಬೇಕು ಸಾರ್. ಯಾರು ಹಾಕ್ಕೊಳ್ತಾರೆ ಇದನ್ನ?"

ಹೊರಗೆ ಓಣಿಯಲ್ಲಿ ಆಯಮ್ಮ ಯಾರನ್ನೋ ಜೋರಾಗಿ ಗದರಿಸುತ್ತಿದ್ದದ್ದು ಕೇಳಿಸುತ್ತಿತ್ತು. ಗಿಡ್ಡ ಹೆಂಗಸು. ಆ ಎರಡು ಗೆರೆ ಕೂಡುವ ಜಾಗ ಅವಳಿಗೆ ಹೊಕ್ಕುಳಿನಿಂದ ನಾಲ್ಕು ಬೆರಳು ಕೆಳಗೆ ಬರುತ್ತಿತ್ತು.

"ನಾನೇ ಮೇಡಂ" ಎಂದ ಉಸಿರಪ್ಪ. "ಯಾವಾಗಾದ್ರೊಮ್ಮೆ."

ಅವಳು ಹಾಗೇ ಬರೆದುಕೊಂಡಳು. ಬ್ಯಾಗು ಮುಚ್ಚುವಾಗ ಅವನು ಏನೋ ನೆನಪಾದವನ ಹಾಗೆ ಕೇಳಿದ: "ಸುಮ್ನೆ ಕೇಳ್ತೀನಿ ಮೇಡಂ. ಒಬ್ಬ ಬಸುರಿ ಇಂಥದ್ದನ್ನ ಹಾಕ್ಕೊಂಡು ದಿನಾ ಮಕ್ಕಳನ್ನ ಹಿಡ್ಕೊಂಡಿದ್ರೆ?"

"ಹೇಳಕ್ಕಾಗಲ್ಲ ಸಾರ್. ಸಿಡಿದು ಬರೋ ಕಿರಣ ಕಡಿಮೆನೇ. ಮಗು ಹೋಗುವಷ್ಟು ಸಾಮಾನ್ಯವಾಗಿ ಇರಲ್ಲ. ಆದರೆ ಬ್ಯಾಡ್ಜ್ ಇಲ್ದಿದ್ರೆ ಎಷ್ಟು ತಾಗ್ತು ಅಂತ ಯಾರು ಹೇಳ್ತಾರೆ? ಬಿರುಕು ಯಾವ ವರ್ಷ ಬಿತ್ತು ಅಂತ ಯಾರು ಹೇಳ್ತಾರೆ? ಹೌದು ಅಂತಲೂ ಹೇಳಲ್ಲ, ಅಲ್ಲ ಅಂತಲೂ ಹೇಳಲ್ಲ. ಯಾಕೆ, ಯಾರಾದ್ರೂ ಇದ್ದಾರಾ?"

"ಇಲ್ಲ ಇಲ್ಲ" ಎಂದ.

ಅವಳು ಹೋದ ಮೇಲೆ ಡ್ರಾಯರು ಕೆದಕಿದ. ಹದಿನಾರು ವರ್ಷದ ಹಾಳೆ ತಳದಲ್ಲಿ ಸಿಕ್ಕಿತು. ಇಂಗ್ಲಿಷು ಓದುವ ಅಗತ್ಯವೇ ಇರಲಿಲ್ಲ. ಮಡಚಿದ ಏಪ್ರನ್ನಿನ ಚಿತ್ರ ಬರೆದು ಅದರ ಮೇಲೆ ಕೆಂಪು ಗೆರೆ ಎಳೆದಿದ್ದರು. ಮಡಚಬಾರದೆಂದು ಹೇಳುವ ಆ ಹಾಳೆಯನ್ನು ಅವನು ನಾಲ್ಕಾಗಿ ಮಡಚಿಟ್ಟಿದ್ದ, ಮೂಲೆಗೆ ಮೂಲೆ ಕೂಡಿಸಿ. ಮಹಾಶಯನ ಅಚ್ಚುಕಟ್ಟು!

ಹದಿನೈದು ದಿನದಲ್ಲಿ ಹೊಸ ಏಪ್ರನ್ ಬಂತು. ಅದನ್ನು ತೂಗುಹಾಕಲು ಗೋಡೆಗೆ ಕಬ್ಬಿಣದ ಗೂಟ ಹೊಡೆಸಿದ. ಮಕ್ಕಳನ್ನು ಇನ್ನು ಮೇಲೆ ಮನೆಯವರೇ ಹಿಡಿಯಬೇಕು, ಹೊಸ ಆರ್ಡರ್ ಬಂದಿದೆ ಎಂದ. "ಅಯ್ಯೋ, ನನ್ನ ಕೆಲಸ ಹೋಯ್ತಲ್ಲ ಅಣ್ಣ" ಎಂದು ಆಯಮ್ಮ ನಿಜವಾಗಿಯೂ ನೊಂದುಕೊಂಡಳು. ಹಳೆಯದು ಏನಾಯಿತು ಎಂದು ಕೇಳಿದಳು. "ಹಳೇದಾಗಿತ್ತು" ಎಂದ. ಇದೂ ಒಂದು ರೀತಿಯಲ್ಲಿ ಸುಳ್ಳಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ಮನುಷ್ಯ ಒಳಗೊಳಗೇ ಹೀಗೆ ವಕೀಲಿಕೆ ಶುರು ಮಾಡಿದನೆಂದರೆ ಅವನ ನಿದ್ದೆ ಕೆಟ್ಟಿದೆ ಎಂದೇ ಅರ್ಥ.

ಹೆಂಡತಿಯ ಮುಂದೆ ಒಂದು ಭಾನುವಾರ ಬಾಯಿಬಿಟ್ಟ. ಎಲ್ಲ ಕೇಳಿ ಅವಳು ಅಂದಳು: "ಈಗ ಹೇಳಿ ಏನು ಮಾಡ್ತೀರಿ? ನಿಮ್ಮ ಮೇಡಮ್ಮೇ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಿ ಹೋಗಿದ್ದಾಳೆ. ಖಂಡಿತ ಗೊತ್ತಿಲ್ಲದ್ದನ್ನ ಹೇಳಿ ಆ ಹೆಣ್ಣಿನ ಗಾಯ ಯಾಕೆ ಕೆದಕ್ತೀರಿ?" ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಉಸಿರಪ್ಪ ಆ ಮಾತನ್ನು ಬಿಗಿಯಾಗಿ ಹೊದ್ದುಕೊಂಡ. ಖಂಡಿತ ಗೊತ್ತಿಲ್ಲ, ಖಂಡಿತ ಗೊತ್ತಿಲ್ಲ ಎಂದು ಜಪ ಮಾಡುತ್ತ ವರ್ಷ ವರ್ಷ ತಳ್ಳಿದ. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆಯಿದ್ದದ್ದು ಅವಳ ಗಾಯದ ಬಗ್ಗೆ ಅಲ್ಲ, ಅವಳ ಬಾಯಲ್ಲಿ 'ಅಣ್ಣ' ಎಂಬ ಮಾತು ನಿಂತುಹೋದೀತೆಂದು. ಆ ಕೋಣೆಯಲ್ಲಿ ಅವನನ್ನು ಹಾಗೆ ಕರೆಯುವವರು ಬೇರೆ ಇರಲಿಲ್ಲ.

ಎಂಟು ವರ್ಷ ಕಳೆಯಿತು. ಫಿಲ್ಮು ಹೋಗಿ ಕಂಪ್ಯೂಟರು ಬಂತು, ಕತ್ತಲೆ ಕೋಣೆಯಲ್ಲಿ ಹಳೆಯ ಕುರ್ಚಿ ತುಂಬಿದರು. ಒಂದು ಬೆಳಿಗ್ಗೆ ಬಡಗಿ ತೀರಿಕೊಂಡ ಸುದ್ದಿ ಬಂತು. ಕೆಲಸದ ಜಾಗದಲ್ಲೇ ಎದೆ ನೋವು ಬಂದು ಕುಸಿದನಂತೆ. ಉಸಿರಪ್ಪ ಹೋಗಿ ಆ ಮನೆಯ ಬಾಗಿಲಲ್ಲಿ ನಿಂತ. ಆಯಮ್ಮ ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿದ್ದಳು. "ಕೊನೇವರೆಗೂ ನೀರು ಹೊತ್ತು ಹಾಕಿದ್ರು ಅಣ್ಣ. ಒಂದು ದಿನಾನಾದ್ರೂ, ಹೋಗ್ಲಿ ಬಿಡು ಅನ್ನಲಿಲ್ಲ" ಎಂದಳು. ಅಲ್ಲಿ, ಅಷ್ಟು ಜನರ ನಡುವೆ, ಹೇಳುವುದು ಸರಿಯಲ್ಲ ಎಂದುಕೊಂಡ. ಸರಿಯಲ್ಲದ ಜಾಗಗಳು ಅವನಿಗೆ ಯಾವಾಗಲೂ ಸುಲಭವಾಗಿ ಸಿಗುತ್ತಿದ್ದವು.

ಇನ್ನೂ ಮೂರು ವರ್ಷದ ಮೇಲೆ ಅವನ ನಿವೃತ್ತಿ. ಆಸ್ಪತ್ರೆಯ ಸಭಾಕೋಣೆಯಲ್ಲಿ ಸಣ್ಣದೊಂದು ಸಮಾರಂಭ. ದೊಡ್ಡ ಡಾಕ್ಟರು ಮಾತಾಡಿದರು, ನರ್ಸಮ್ಮ ಮಾತಾಡಿದರು, ಎಲ್ಲರೂ ಒಟ್ಟಿಗೆ ಉಸಿರು ಹಿಡಿದು ಬಿಟ್ಟು ನಕ್ಕರು. ಆಯಮ್ಮ ತಾನೂ ಎರಡು ಮಾತು ಹೇಳುತ್ತೇನೆಂದು ಎದ್ದಳು.

"ನಮ್ಮಣ್ಣ ಏಪ್ರನ್ ಹಾಕ್ದೆ ನನ್ನನ್ನ ಒಂದು ದಿನ ಒಳಗೆ ಬಿಟ್ಟವರಲ್ಲ. ಭಾರ ಅಂದ್ರೂ ಬಿಡ್ತಿರಲಿಲ್ಲ, ತಾವೇ ದಾರ ಕಟ್ಟೋರು. ನನ್ನ ಒಡಹುಟ್ಟಿದವರೂ ನನ್ನನ್ನ ಅಷ್ಟು ಕಾಪಾಡಲಿಲ್ಲ" ಎಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಜನ ಚಪ್ಪಾಳೆ ತಟ್ಟಿದರು. ಉಸಿರಪ್ಪನ ಕೊರಳಲ್ಲಿದ್ದ ಹಾರ ಅವನಿಗೆ ಆ ಏಪ್ರನ್ನಿಗಿಂತ ಭಾರವಾಯಿತು. ಅವನು ಅತ್ತದ್ದನ್ನು ನೋಡಿ ಎಲ್ಲರೂ, ಪಾಪ, ಆಸ್ಪತ್ರೆ ಬಿಡುವ ದುಃಖ ಎಂದುಕೊಂಡರು.

ಮುಂದಿನ ಭಾನುವಾರ ಬೆಳಿಗ್ಗೆ ಅವನು ಅವಳ ಮನೆಗೆ ಹೋದ. ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದ. ಅವಳು ಸಂಭ್ರಮದಿಂದ ಕುರ್ಚಿ ಎಳೆದು, ಕಾಫಿ ತಂದು, ಎದುರಿಗೆ ಕೆಳಗೇ ಕೂತಳು. ಲೋಟ ಕೈಯಲ್ಲೇ ಹಿಡಿದುಕೊಂಡು ಅವನು ಎಲ್ಲ ಹೇಳಿದ. ಮಡಚಿದ್ದು ಹೇಳಿದ, ಗೆರೆ ಬಂದದ್ದು ಹೇಳಿದ, ಗೆರೆ ಕೂಡಿದ ಜಾಗ ಯಾವುದೆಂದು ಹೇಳಿದ. ಯಾರು ತೊಡುತ್ತಾರೆಂದು ಕೇಳಿದಾಗ ಸುಳ್ಳು ಹೇಳಿದ್ದನ್ನೂ ಹೇಳಿದ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ ಎಂದ.

"ಅದರಿಂದಲೇ ಆಯ್ತು ಅಂತ ಗ್ಯಾರಂಟಿ ಇಲ್ಲಮ್ಮ. ಆ ಮೇಡಂ ಹೌದು ಅಂತಲೂ ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ನೀನು ನನಗೆ ಏನು ಬೇಕಾದ್ರೂ ಅನ್ನು."

ಅವಳು ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಇಟ್ಟದ್ದು ಅವಳಿಗೇ ತಿಳಿದ ಹಾಗೆ ಕಾಣಲಿಲ್ಲ. ಆಮೇಲೆ ಕೇಳಿದಳು.

"ನಿಮಗೆ ಯಾವಾಗ ಗೊತ್ತಾಯ್ತು ಅಣ್ಣ?"

"ಹನ್ನೊಂದು ವರ್ಷ ಆಯ್ತು."

ಅವಳ ತುಟಿ ಅಲ್ಲಾಡಿತು. ಮನಸ್ಸಿನಲ್ಲೇ ವರ್ಷ ಲೆಕ್ಕ ಹಾಕುತ್ತಿದ್ದಾಳೆಂದು ಅವನಿಗೆ ತಿಳಿಯಿತು. ಅವನು ಇಷ್ಟು ವರ್ಷ ಹೆದರಿದ್ದು ಬೈಗುಳಕ್ಕೆ, ಶಾಪಕ್ಕೆ. ಈ ಲೆಕ್ಕಕ್ಕೆ ಅವನು ಸಿದ್ಧನಾಗಿ ಬಂದಿರಲಿಲ್ಲ.

"ನಮ್ಮನೆಯವರು ಆಗ ಇದ್ರು" ಎಂದಳು.

"ಖಂಡಿತ ಗೊತ್ತಿರಲಿಲ್ಲ ತಾಯೀ, ಅದಕ್ಕೇ..."

"ಖಂಡಿತ ಯಾಕೆ ಬೇಕಿತ್ತು?" ಅವಳ ಧ್ವನಿ ಏರಲಿಲ್ಲ. "ಬಕೆಟ್ ನೀರಿಂದಲೇ ಆಯ್ತು ಅಂತ ಏನು ಗ್ಯಾರಂಟಿ ಇತ್ತು ಅಣ್ಣ? ಅದನ್ನ ಇಪ್ಪತ್ತು ವರ್ಷ ನಂಬಿದ್ವಲ್ಲ. ಅದರ ಪಕ್ಕದಲ್ಲಿ ಇದನ್ನೂ ಒಂದು ಇಟ್ಟಿದ್ರೆ ಸಾಕಿತ್ತು. ಅವರ ಮುಂದೆ ಬಂದು, ಹೀಗೂ ಆಗಿರಬಹುದು ಅಂತ ಒಂದು ಮಾತು. ಎಂಟು ವರ್ಷ ಟೈಮಿತ್ತು."

ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಕುಡಿಯಬೇಕೋ ಕೆಳಗಿಡಬೇಕೋ ತಿಳಿಯದೆ ಹಿಡಿದೇ ಇದ್ದ. ಅವಳೇ ಎದ್ದು ಲೋಟವನ್ನು ಅವನ ಕೈಯಿಂದ ತೆಗೆದುಕೊಂಡಳು. ಅವನೂ ಎದ್ದ. ಅವಳು ಬಾಗಿಲವರೆಗೆ ಬಂದಳು. ಇಪ್ಪತ್ತೇಳು ವರ್ಷ ಪ್ರತಿ ಸಂಜೆ ಆಸ್ಪತ್ರೆಯ ಗೇಟಿನಲ್ಲಿ ಅವನಿಗೆ "ಹೋಗಿ ಬನ್ನಿ ಅಣ್ಣ" ಎಂದು ಹೇಳಿದವಳು ಅಂದು, "ಹೋಗಿ ಅಣ್ಣ" ಎಂದು ಬಾಗಿಲು ಹಾಕಿಕೊಂಡಳು.